ಎಚ್ಚೆಫ್ ಹಸುವಿನ ತವರಿನಲ್ಲಿ

ಕೋಲಾರ, ಮಂಡ್ಯ, ಹಾಸನದ ಕಡೆಯ ಯಾವ ಹಳ್ಳಿಗೆ ಹೋದರೂ ಬೆಳಗಿನ ಆರು ಗಂಟೆಗೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದವರ ಸಾಲು ಕಾಣುತ್ತದೆ. ಆ ಹಾಲು ಕೊಟ್ಟ ಹಸುಗಳಲ್ಲಿ ಬಹಳಷ್ಟರ ಮೈಮೇಲೆ ಕಪ್ಪು-ಬಿಳುಪಿನ ದೊಡ್ಡ ದೊಡ್ಡ ಮಚ್ಚೆಗಳಿರುತ್ತವೆ. ಹಳ್ಳಿಯವರು ಅದನ್ನು 'ಎಚ್ಚೆಫ್' ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಬಾಯಲ್ಲೂ ಈ ಎರಡು ಇಂಗ್ಲಿಷ್ ಅಕ್ಷರಗಳು ಸಲೀಸಾಗಿ ಹೊರಡುತ್ತವೆ. ಎಚ್ ಎಂದರೆ ಹೋಲ್‌ಸ್ಟೀನ್, ಅದು ಜರ್ಮನಿಯ ಉತ್ತರದ ಒಂದು ಸೀಮೆ. ಎಫ್ ಎಂದರೆ ಫ್ರೀಸಿಯನ್, ಅಂದರೆ ಫ್ರೀಸ್‌ಲ್ಯಾಂಡಿನದು.

ಈ ಫ್ರೀಸ್‌ಲ್ಯಾಂಡ್ ನೆದರ್‌ಲ್ಯಾಂಡ್ಸ್ ದೇಶದ ಉತ್ತರ ಭಾಗದ ಒಂದು ಪ್ರಾಂತ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದಿಂದ ಹಡಗು ಹತ್ತಿ ಅಮೆರಿಕ ಸೇರಿದ ಕಪ್ಪು-ಬಿಳುಪು ದನಗಳನ್ನು ಅಲ್ಲಿನವರು ಹಾಲಿಗಾಗಿಯೇ ಆರಿಸಿ ಬೆಳೆಸಿದರು. ಆ ವಂಶವೇ ಮುಂದೆ ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿಗಳ ರೂಪದಲ್ಲಿ ಲೋಕದ ಮೂಲೆಮೂಲೆಯ ಕೊಟ್ಟಿಗೆಗಳನ್ನು ತಲುಪಿತು. ಮಗಳು ಗಂಡನ ಮನೆಯಲ್ಲಿ ಹೇಗಿದ್ದಾಳೆಂಬುದು ಕರ್ನಾಟಕದವರಿಗೆ ಗೊತ್ತು. ತವರು ಹೇಗಿದೆ ಎಂಬುದು ಗೊತ್ತಿರುವವರು ಕಡಿಮೆ.

ತವರಿನಲ್ಲಿ ಈಗ ಎಷ್ಟೋ ಕೊಟ್ಟಿಗೆಗಳಲ್ಲಿ ಹಸುವಿನ ಹಾಲು ಕರೆಯುವುದು ಯಂತ್ರದ ತೋಳು. ಹಸು ಎಷ್ಟು ನಡೆಯಿತು, ಎಷ್ಟು ಹೊತ್ತು ಮೆಲುಕು ಹಾಕಿತು ಎಂಬುದನ್ನು ಕೊರಳಪಟ್ಟಿ ಲೆಕ್ಕ ಇಡುತ್ತದೆ. ಅಂಥ ಪಟ್ಟಿ, ಅಂಥ ಮೊಬೈಲ್ ಆ್ಯಪ್‌ಗಳ ಜಾಹೀರಾತು ಈಗ ಭಾರತದ ರೈತರ ಕೈಯಲ್ಲಿರುವ ಫೋನಿಗೂ ಬರುತ್ತಿದೆ. ಓದು ಮುಗಿಸಿದ ಮಗ 'ಮಾಡರ್ನ್ ಡೇರಿ' ಮಾಡುತ್ತೇನೆ ಎಂದರೆ ತಂದೆ ಸಾಲದ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ಯೋಚಿಸುವ ಕಾಲ ಇದು. ಈ ಯಂತ್ರಗಳೊಡನೆ ಮೂವತ್ತು ವರ್ಷಕ್ಕೂ ಮೇಲೆ ಬಾಳಿದ ಊರೊಂದನ್ನು ನೋಡಿ ಬರುವುದು ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬಂದೀತು.

ದಿಬ್ಬದ ಮೇಲಿನ ಊರುಗಳು

ಆಮ್‌ಸ್ಟರ್‌ಡಾಂನಿಂದ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಫ್ರೀಸ್‌ಲ್ಯಾಂಡಿನ ರಾಜಧಾನಿ ಲೀವಾರ್ಡನ್ ಸಿಗುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಇನ್ನೊಂದು ದಾರಿಯುಂಟು. ಅದು 1932ರಲ್ಲಿ ಕಟ್ಟಿ ಮುಗಿಸಿದ 32 ಕಿಲೋಮೀಟರ್ ಉದ್ದದ ಅಫ್‌ಸ್ಲಾಯ್ಟ್‌ಡೈಕ್ ಎಂಬ ಕಟ್ಟೆ. ಕಟ್ಟೆಯ ಒಂದು ಮಗ್ಗುಲಿಗೆ ಉಪ್ಪುನೀರಿನ ಸಮುದ್ರ, ಇನ್ನೊಂದು ಮಗ್ಗುಲಿಗೆ ಸಿಹಿನೀರಿನ ಸರೋವರ. ಆ ಸರೋವರವೂ ಒಂದು ಕಾಲಕ್ಕೆ ಸಮುದ್ರವೇ ಆಗಿತ್ತು. ಕಟ್ಟೆ ಅಡ್ಡ ಬಂದ ಮೇಲೆ ನದಿಗಳ ನೀರು ತುಂಬಿ ನಿಧಾನವಾಗಿ ಸಿಹಿಯಾಯಿತು.

ಕಟ್ಟೆ ದಾಟಿ ಫ್ರೀಸ್‌ಲ್ಯಾಂಡಿನ ನೆಲಕ್ಕೆ ಬಂದರೆ ಕಣ್ಣು ಹಾಯಿಸಿದಷ್ಟು ದೂರವೂ ಹಸಿರು. ಗುಡ್ಡವಿಲ್ಲ, ಬಂಡೆಯಿಲ್ಲ. ಹೊಲಕ್ಕೂ ಹೊಲಕ್ಕೂ ನಡುವೆ ಬೇಲಿಯ ಬದಲು ನೀರಿನ ಕಾಲುವೆ. ಈ ಸಮತಟ್ಟು ನೆಲದಲ್ಲಿ ಅಲ್ಲೊಂದು ಇಲ್ಲೊಂದು ದಿಬ್ಬ, ದಿಬ್ಬದ ಮೇಲೆ ಚರ್ಚು, ಚರ್ಚಿನ ಸುತ್ತ ನಾಲ್ಕಾರು ಮನೆ. ಈ ದಿಬ್ಬಗಳು ತಾವಾಗಿ ಎದ್ದವಲ್ಲ. ಸಮುದ್ರಕ್ಕೆ ಕಟ್ಟೆ ಹಾಕುವ ವಿದ್ಯೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲು, ಉಬ್ಬರದ ನೀರು ಮನೆಯೊಳಗೆ ನುಗ್ಗದಿರಲಿ ಎಂದು ಜನ ಮಣ್ಣು, ಕಸ, ಸಗಣಿಗಳನ್ನು ಒಟ್ಟಿ ಎತ್ತರಿಸಿದ ನೆಲೆಗಳಿವು. ಇವನ್ನು 'ಟೆರ್ಪ್' ಎನ್ನುತ್ತಾರೆ. ಹೆಗೆಬೈಂಟಮ್ ಎಂಬ ಹಳ್ಳಿಯ ಟೆರ್ಪ್ ಎಲ್ಲಕ್ಕಿಂತ ಎತ್ತರದ್ದು, ಸಮುದ್ರಮಟ್ಟದಿಂದ ಒಂಬತ್ತು ಮೀಟರಿಗೆ ತುಸು ಕಡಿಮೆ. ಬೇಸಾಯಕ್ಕೆ ಒಗ್ಗದ ಈ ಜೌಗಿನಲ್ಲಿ ಹುಲ್ಲು ಮಾತ್ರ ಸೊಗಸಾಗಿ ಬೆಳೆಯಿತು. ಹುಲ್ಲನ್ನು ಹಾಲು ಮಾಡುವ ಪ್ರಾಣಿಯನ್ನು ಇಲ್ಲಿನ ಜನ ನಂಬಿಕೊಂಡರು.

ಹಳೆಯ ತೋಟದ ಮನೆಗಳ ಆಕಾರವನ್ನೂ ದನವೇ ನಿರ್ಧರಿಸಿದೆ. ಮುಂದೆ ಸಣ್ಣ ವಾಸದ ಮನೆ, ನಡುವೆ ಕಿರಿದಾದ ಕಟ್ಟಡ, ಹಿಂದೆ ಹುಲ್ಲು ಮತ್ತು ಹಸುಗಳಿಗಾಗಿ ಬೆಟ್ಟದಂಥ ಮಾಡಿನ ಕೊಟ್ಟಿಗೆ. ಇಂಥ ಮನೆಗೆ ಅವರ ಭಾಷೆಯಲ್ಲಿ 'ತಲೆ-ಕುತ್ತಿಗೆ-ಮುಂಡ' ಎಂದೇ ಹೆಸರು. ಮಾಡಿನ ತುದಿಯಲ್ಲಿ ಹಂಸಗಳ ಚಿತ್ರವಿರುವ ಹಲಗೆ, ಹಲಗೆಯ ನಡುವೆ ಒಂದು ತೂತು. ಅದು ಗೂಬೆ ಒಳಗೆ ಬರುವ ಬಾಗಿಲು. ಗೂಬೆ ಬಂದರೆ ಇಲಿಗಳ ಕಾಟವಿಲ್ಲ. ಖರ್ಚಿಲ್ಲದ, ಕರೆಂಟು ಬೇಡದ, ಕೆಟ್ಟುಹೋಗದ ತಂತ್ರಜ್ಞಾನ.

ಲೀವಾರ್ಡನ್ ಪಟ್ಟಣದಲ್ಲಿ ಕಂಚಿನ ಹಸುವೊಂದು ನಿಂತಿದೆ. ಫ್ರೀಸ್‌ಲ್ಯಾಂಡಿನ ದನಗಳ ವಂಶಾವಳಿಯನ್ನು ಬರೆದಿಡುವ ಸಂಸ್ಥೆ 1879ರಲ್ಲಿ ಹುಟ್ಟಿತು. ಅದಕ್ಕೆ 75 ವರ್ಷ ತುಂಬಿದ ನೆನಪಿಗೆ 1954ರಲ್ಲಿ ಈ ಪ್ರತಿಮೆಯನ್ನು ನಿಲ್ಲಿಸಿದರು. ಜನ ಅದನ್ನು ಕರೆಯುವುದು 'ಉಸ್ ಮೆಮ್' ಎಂದು. ಫ್ರೀಸಿಯನ್ ಭಾಷೆಯಲ್ಲಿ ಹಾಗೆಂದರೆ 'ನಮ್ಮವ್ವ'. ಹಸುವನ್ನು ತಾಯಿ ಎನ್ನುವುದು ಭಾರತದವರು ಮಾತ್ರ ಎಂದುಕೊಂಡವರು ಇಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ.

ಬೆಳಗಿನ ನಿದ್ದೆ ಉಳಿಸಿದ ತೋಳು

ಹಾಲು ಕರೆಯುವ ರೋಬಾಟ್ ಮೊದಲು ವ್ಯಾಪಾರಕ್ಕೆ ಬಂದದ್ದು 1992ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿಯೇ. ಅದು ಕೆಲಸ ಮಾಡುವ ಬಗೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದದ್ದು.

ಕೊಟ್ಟಿಗೆಯಲ್ಲಿ ಹಸುಗಳನ್ನು ಕಟ್ಟಿರುವುದಿಲ್ಲ, ಅವು ತಿರುಗಾಡಿಕೊಂಡಿರುತ್ತವೆ. ಕೆಚ್ಚಲು ತುಂಬಿದ ಹಸು ತಾನಾಗಿ ಯಂತ್ರದ ಪಂಜರಕ್ಕೆ ಬರುತ್ತದೆ. ಹಾಲಿನ ಭಾರಕ್ಕಿಂತ ಅಲ್ಲಿ ಸಿಗುವ ಹಿಂಡಿಯ ಆಸೆಯೇ ಅದನ್ನು ಎಳೆದು ತರುವುದು ಎಂದು ಬಲ್ಲವರು ಹೇಳುತ್ತಾರೆ. ಕೊರಳಿನ ಪಟ್ಟಿಯಲ್ಲಿರುವ ಚಿಪ್ಪನ್ನು ಯಂತ್ರ ರೇಡಿಯೋ ತರಂಗದಿಂದ ಓದಿ ಇದು ಇಂಥ ಹಸು ಎಂದು ಗುರುತಿಸುತ್ತದೆ. ಹಾಲು ಕರೆದು ಇನ್ನೂ ಹೆಚ್ಚು ಹೊತ್ತಾಗಿಲ್ಲದಿದ್ದರೆ ಹಿಂಡಿ ಕೊಡದೆ ಹೊರಗೆ ಕಳಿಸುತ್ತದೆ. ಸರದಿ ಬಂದಿದ್ದರೆ ತೋಳು ಹೊಟ್ಟೆಯಡಿಗೆ ಬಂದು ಬ್ರಷ್ಷಿನಿಂದ ಕೆಚ್ಚಲನ್ನು ಒರೆಸುತ್ತದೆ, ಲೇಸರ್ ಕಿರಣದಿಂದ ನಾಲ್ಕು ಮೊಲೆಗಳ ಜಾಗವನ್ನು ಹುಡುಕುತ್ತದೆ, ಒಂದೊಂದಕ್ಕೂ ಬಟ್ಟಲು ತೊಡಿಸುತ್ತದೆ. ಏಳೆಂಟು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಒಂದು ಯಂತ್ರ ಸುಮಾರು 60 ಹಸುಗಳನ್ನು ನೋಡಿಕೊಳ್ಳುತ್ತದೆ. ಹಗಲೆನ್ನದೆ ರಾತ್ರಿಯೆನ್ನದೆ ಒಂದೊಂದು ಹಸು ದಿನಕ್ಕೆ ಎರಡೂವರೆಯಿಂದ ಮೂರು ಸಲದ ಲೆಕ್ಕದಲ್ಲಿ ಬಂದು ಹೋಗುತ್ತದೆ.

ಕರೆಯುವಾಗಲೇ ಯಂತ್ರ ಹಾಲಿನ ಪರೀಕ್ಷೆಯನ್ನೂ ಮಾಡುತ್ತದೆ. ಕೆಚ್ಚಲು ಬಾವು ಶುರುವಾದಾಗ ರಕ್ತದಲ್ಲಿರುವ ಸೋಡಿಯಂ, ಕ್ಲೋರೈಡ್ ಲವಣಗಳು ಹಾಲಿಗೆ ಸೋರುತ್ತವೆ. ಉಪ್ಪು ಹೆಚ್ಚಿದ ಹಾಲಿನಲ್ಲಿ ವಿದ್ಯುತ್ತು ಹೆಚ್ಚು ಸುಲಭವಾಗಿ ಹರಿಯುತ್ತದೆ. ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಅಳೆಯುವ ಯಂತ್ರ, ಹಿಂದಿನ ಎಡ ಮೊಲೆಯಲ್ಲಿ ಏನೋ ವ್ಯತ್ಯಾಸವಿದೆ ಎಂದು ಕಣ್ಣಿಗೆ ಬಾವು ಕಾಣಿಸುವ ಮೊದಲೇ ಹೇಳಬಲ್ಲದು. ಆ ಹಾಲನ್ನು ತೊಟ್ಟಿಗೆ ಸೇರಿಸದೆ ಬೇರೆ ಕಡೆ ಹರಿಸಬಲ್ಲದು.

ಕೊರಳಪಟ್ಟಿಯ ಕೆಲಸ ಇನ್ನೊಂದು ಬಗೆಯದು. ಅದರೊಳಗೆ ಚಲನೆಯನ್ನು ಅರಿಯುವ ಪುಟ್ಟ ಸಾಧನವಿದೆ. ಹಸು ಬೆದೆಗೆ ಬಂದಾಗ ಅದರ ಓಡಾಟ ಹೆಚ್ಚುತ್ತದೆ, ಮೆಲುಕು ಕಡಿಮೆಯಾಗುತ್ತದೆ. ಬೆದೆ ಇರುವುದು ಒಂದು ದಿನಕ್ಕೂ ಕಡಿಮೆ ಹೊತ್ತು, ಎಷ್ಟೋ ಸಲ ನಡುರಾತ್ರಿಯಲ್ಲಿ. ಅದನ್ನು ಕಾಣದೆ ಬಿಟ್ಟರೆ ಮತ್ತೆ 21 ದಿನ ಕಾಯಬೇಕು. ಗಬ್ಬವಾಗದ ಹಸುವಿಗೆ ಆ 21 ದಿನವೂ ಮೇವು ಹಾಕಲೇಬೇಕು. ರಾತ್ರಿಯಿಡೀ ಎಚ್ಚರವಿರುವ ಪಟ್ಟಿಯ ಬೆಲೆ ಅಲ್ಲಿ ಗೊತ್ತಾಗುತ್ತದೆ. ಮೆಲುಕು ಇದ್ದಕ್ಕಿದ್ದಂತೆ ಇಳಿದರೆ ಅದು ಕಾಯಿಲೆಯ ಮುನ್ಸೂಚನೆಯೂ ಹೌದು.

ಇವೆಲ್ಲಕ್ಕಿಂತ ದೊಡ್ಡ ಲಾಭ ಮನುಷ್ಯರಿಗೆ ಆದದ್ದು. ಹಸು ಸಾಕಿದವರಿಗೆ ಹಬ್ಬವಿಲ್ಲ, ನೆಂಟರ ಮದುವೆಯಿಲ್ಲ ಎಂಬ ಮಾತು ಕೋಲಾರಕ್ಕೂ ಸಲ್ಲುತ್ತದೆ, ಫ್ರೀಸ್‌ಲ್ಯಾಂಡಿಗೂ ಸಲ್ಲುತ್ತದೆ. ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ ಕೊಟ್ಟಿಗೆಯಲ್ಲಿರಬೇಕೆಂಬ ಕಟ್ಟಳೆಯನ್ನು ಯಂತ್ರ ಸಡಿಲಿಸಿತು. ಕೂಲಿಯವರು ಸಿಗದ, ಸಿಕ್ಕರೂ ಸಂಬಳ ಕೊಡಲಾಗದ ದೇಶದಲ್ಲಿ ಗಂಡ-ಹೆಂಡತಿ ಇಬ್ಬರೇ ನೂರು ಹಸು ಸಾಕುವುದು ಸಾಧ್ಯವಾಯಿತು. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಅಪ್ಪ ಮನೆಯೊಳಗೆ ಇರುವಂತಾಯಿತು.

ಖರ್ಚಿನ ಪುಟ

ಈಗ ಪುಟ ತಿರುಗಿಸಬೇಕು. ಒಂದು ರೋಬಾಟಿನ ಬೆಲೆ ಒಂದು ಲಕ್ಷ ಯೂರೋಗೂ ಮೇಲೆ. ರೂಪಾಯಿಯಲ್ಲಿ ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಕೋಟಿ ಎಂದಿಟ್ಟುಕೊಳ್ಳೋಣ. ಯಂತ್ರ 12 ವರ್ಷ ಬಾಳುತ್ತದೆ ಎಂದೂ ಇಟ್ಟುಕೊಳ್ಳೋಣ. ಅಲ್ಲಿನ ಹಸು ವರ್ಷಕ್ಕೆ ಸುಮಾರು 9,000 ಲೀಟರ್ ಹಾಲು ಕೊಡುತ್ತದೆ. 60 ಹಸು, 12 ವರ್ಷ ಎಂದರೆ 64 ಲಕ್ಷ 80 ಸಾವಿರ ಲೀಟರ್. ಭಾಗಿಸಿದರೆ ಲೀಟರಿಗೆ ಬೀಳುವ ಯಂತ್ರದ ಖರ್ಚು ಒಂದೂವರೆ ರೂಪಾಯಿ. ಬಡ್ಡಿ, ಕರೆಂಟು, ರಿಪೇರಿ ಬೇರೆ.

ಇದೇ ಲೆಕ್ಕವನ್ನು ನಾಲ್ಕು ಹಸು ಕಟ್ಟಿದ ಒಂದು ಮನೆಗೆ ಹಾಕಿ ನೋಡಬಹುದು. ದಿನಕ್ಕೆ 10 ಲೀಟರಿನಂತೆ 300 ದಿನ ಕರೆದರೂ ಹಸುವೊಂದಕ್ಕೆ ವರ್ಷಕ್ಕೆ 3,000 ಲೀಟರ್. ನಾಲ್ಕು ಹಸು 12 ವರ್ಷದಲ್ಲಿ ಕೊಡುವುದು 1 ಲಕ್ಷ 44 ಸಾವಿರ ಲೀಟರ್. ಅದೇ ಯಂತ್ರದ ಖರ್ಚು ಇಲ್ಲಿ ಲೀಟರಿಗೆ 69 ರೂಪಾಯಿ! ಯಂತ್ರ ಒಂದೇ, ವಿಜ್ಞಾನ ಒಂದೇ. ಬದಲಾದದ್ದು ಅದನ್ನು ಹಂಚಿಕೊಳ್ಳುವ ಹಾಲು. ಇಷ್ಟು ದುಡ್ಡು ಸುರಿದು ಯಾರೂ ನಾಲ್ಕು ಹಸುವಿಗೆ ರೋಬಾಟ್ ತರುವುದಿಲ್ಲ, ನಿಜ. ಆದರೆ ಬೆಲೆ ಎಷ್ಟೇ ಇರಲಿ, ಯಾವ ಯಂತ್ರಕ್ಕೂ ಈ ಭಾಗಾಕಾರವನ್ನು ಮಾಡಿ ನೋಡಬಹುದು. ಐದನೆಯ ತರಗತಿಯ ಗಣಿತ ಸಾಕು.

ಫ್ರೀಸ್‌ಲ್ಯಾಂಡಿನ ರೈತರೂ ಈ ಭಾಗಾಕಾರವನ್ನು ಮಾಡಿದರು. ಅದಕ್ಕೆ ಅವರು ಕಂಡುಕೊಂಡ ಉತ್ತರ ಹಸುಗಳನ್ನು ಹೆಚ್ಚಿಸುವುದು. ಒಂದು ಯಂತ್ರಕ್ಕೆ 60 ಹಸು ಬೇಕು, ಎರಡಕ್ಕೆ 120. ಹೆಚ್ಚಿಸಲಾಗದವರು ಕಸುಬನ್ನೇ ಬಿಟ್ಟರು. ಇದಕ್ಕೆ ರೋಬಾಟೊಂದೇ ಕಾರಣವಲ್ಲ. ಹಾಲಿನ ಬೆಲೆ, ಭೂಮಿಯ ಬೆಲೆ, ಸರ್ಕಾರದ ನಿಯಮ ಎಲ್ಲವೂ ಒಂದೇ ಕಡೆಗೆ ತಳ್ಳಿದವು. ನೆದರ್‌ಲ್ಯಾಂಡ್ಸ್‌ನಲ್ಲಿ 2000ದಲ್ಲಿ 29 ಸಾವಿರಕ್ಕೂ ಹೆಚ್ಚು ಹೈನು ಸಾಕಣೆಯ ಮನೆಗಳಿದ್ದವು. 2020ರ ವೇಳೆಗೆ ಅವು 16 ಸಾವಿರಕ್ಕೂ ಕಡಿಮೆಯಾದವು. ಹಸುಗಳು ಮಾತ್ರ ಆಗಲೂ ಹದಿನೈದು ಲಕ್ಷದ ಮೇಲೆಯೇ ಇದ್ದವು. ಹಸು ಉಳಿಯಿತು, ಸಾಕುವ ಮನೆ ಅರ್ಧವಾಯಿತು.

ಇನ್ನೊಂದು ಖರ್ಚು ಕಾಗದದಲ್ಲಿ ಕಾಣುವುದಿಲ್ಲ. ಬೆಳಗಿನ ಐದು ಗಂಟೆಯ ಕಟ್ಟಳೆ ತಪ್ಪಿತು, ನಿಜ. ಆದರೆ ಯಂತ್ರ ಮುಷ್ಕರ ಹೂಡಿದರೆ ರಾತ್ರಿ ಎರಡು ಗಂಟೆಗೂ ಫೋನು ಬಡಿದುಕೊಳ್ಳುತ್ತದೆ. ಕೊಳವೆಯ ಮೇಲೆ ಹಸು ಕಾಲಿಟ್ಟಿರಬಹುದು, ಬಟ್ಟಲು ಕಳಚಿರಬಹುದು, ಏನೂ ಆಗದೆಯೂ ಸುಳ್ಳು ಎಚ್ಚರಿಕೆ ಬಂದಿರಬಹುದು. ಹಿಂದೆ ಕೆಲಸ ಕಷ್ಟದ್ದಾಗಿತ್ತು, ಆದರೆ ಮುಗಿಯುತ್ತಿತ್ತು. ಈಗ ಕೆಲಸ ಹಗುರಾಗಿದೆ, ಆದರೆ ರೈತನ ಜೇಬಿನಲ್ಲೇ ಕೂತಿದೆ.

ಹುಲ್ಲುಗಾವಲಿನ ಮೇಲೂ ಇದರ ನೆರಳು ಬಿತ್ತು. ಹಸು ದಿನಕ್ಕೆ ಎರಡು ಮೂರು ಸಲ ಯಂತ್ರದ ಬಳಿಗೆ ಬರಬೇಕಾದರೆ ದೂರದ ಹೊಲದಲ್ಲಿ ಮೇಯುವಂತಿಲ್ಲ. ದೊಡ್ಡ ಮಂದೆಗೆ ಹತ್ತಿರದ ಹುಲ್ಲು ಸಾಲದು. ಹುಲ್ಲನ್ನೇ ಕೊಯ್ದು ಕೊಟ್ಟಿಗೆಗೆ ತರುವುದು ಸುಲಭವೆನಿಸಿತು. 2001ರ ಸುಮಾರಿಗೆ ಆ ದೇಶದ ನೂರು ಹಸುಗಳಲ್ಲಿ ತೊಂಬತ್ತು ಬೇಸಿಗೆಯಲ್ಲಿ ಬಯಲಿಗೆ ಬಂದು ಮೇಯುತ್ತಿದ್ದವು. 2015ರ ಹೊತ್ತಿಗೆ ಅದು ಮೂರರಲ್ಲಿ ಎರಡಕ್ಕೆ ಇಳಿಯಿತು. ಹಸುವಿಲ್ಲದ ಹಸಿರನ್ನು ಕಂಡು ಜನ ಬೇಸರಪಟ್ಟರು. ಆಮೇಲೆ 'ಬಯಲ ಹಾಲು' ಎಂಬ ಗುರುತಿನ ಹಾಲಿಗೆ ಒಂದಿಷ್ಟು ಹೆಚ್ಚು ಬೆಲೆ ಸಿಗುವ ಏರ್ಪಾಡು ಬಲವಾಯಿತು. ವರ್ಷಕ್ಕೆ 120 ದಿನವಾದರೂ, ದಿನಕ್ಕೆ ಆರು ಗಂಟೆಯಾದರೂ ಹಸು ಹೊರಗೆ ಮೇಯಬೇಕೆಂಬುದು ಅದರ ನಿಯಮ. ಹಸುಗಳು ಮತ್ತೆ ಬಯಲಿಗೆ ಬಂದವು. ಅವುಗಳನ್ನು ಹೊರಗೆ ಬಿಟ್ಟದ್ದು ಯಂತ್ರವಲ್ಲ, ಹಾಲು ಕೊಳ್ಳುವವರ ಇಷ್ಟ.

ಪಟ್ಟಿಗೆ ಸಿಗದ ಅಳತೆ

1984ರಿಂದ ಯುರೋಪಿನಲ್ಲಿ ಯಾವ ರೈತ ಎಷ್ಟು ಹಾಲು ಉತ್ಪಾದಿಸಬಹುದೆಂಬ ಕಟ್ಟುಪಾಡಿತ್ತು. 2015ರ ಏಪ್ರಿಲ್ 1ರಂದು ಅದನ್ನು ತೆಗೆದುಹಾಕಿದರು. ನೆದರ್‌ಲ್ಯಾಂಡ್ಸ್‌ನ ರೈತರು ಈ ದಿನಕ್ಕಾಗಿಯೇ ಕಾದು, ಸಾಲ ಮಾಡಿ, ಕೊಟ್ಟಿಗೆ ಹಿಗ್ಗಿಸಿದ್ದರು. ಹಸುಗಳು ಹೆಚ್ಚಿದವು, ಜೊತೆಗೆ ಸಗಣಿ-ಗಂಜಲವೂ ಹೆಚ್ಚಿತು. ಸಗಣಿಯಲ್ಲಿನ ಫಾಸ್ಫೇಟ್ ನಿಗದಿಯಾದ ಮಿತಿಯನ್ನು ದಾಟಿತು. ಎರಡೇ ವರ್ಷದಲ್ಲಿ, 2017ರಲ್ಲಿ, ಹಸುಗಳನ್ನು ಕಡಿಮೆ ಮಾಡುವ ಯೋಜನೆ ಬಂತು. ಲಕ್ಷಕ್ಕೂ ಹೆಚ್ಚು ಹಸುಗಳು ಕಡಿಮೆಯಾದವು. 2018ರಿಂದ ಹಾಲಿನ ಬದಲು ಫಾಸ್ಫೇಟಿಗೇ ಪರವಾನಗಿ ಬಂತು.

ಆಮೇಲೆ ಬಂದದ್ದು ಸಾರಜನಕದ ಪ್ರಶ್ನೆ. ಹಸು ತಿಂದ ಪ್ರೋಟೀನಿನಲ್ಲಿ ಹಾಲಿಗೂ ಮೈಗೂ ಸೇರದ ಸಾರಜನಕ ಯೂರಿಯಾ ಆಗಿ ಗಂಜಲದಲ್ಲಿ ಹೊರಬೀಳುತ್ತದೆ. ಸಗಣಿಯಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ಗಂಜಲ ಸಗಣಿಯೊಡನೆ ಬೆರೆತಾಗ ಈ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮಳೆಗಾಲದ ಕೊಟ್ಟಿಗೆಗೆ ಹೊಕ್ಕಾಗ ಮೂಗಿಗೆ ಬಡಿಯುವ ಘಾಟು ಇದೇ. ಅದು ಗಾಳಿಯಲ್ಲಿ ತೇಲಿಹೋಗಿ ಎಲ್ಲೋ ಕಾಡಿನ ಮೇಲೆ, ಕುರುಚಲು ಬಯಲಿನ ಮೇಲೆ ಇಳಿಯುತ್ತದೆ. ಗೊಬ್ಬರ ಬಿದ್ದ ಕಡೆ ಒರಟು ಹುಲ್ಲು ಸೊಕ್ಕಿ ಬೆಳೆದು, ಬಡ ಮಣ್ಣಿಗೆ ಒಗ್ಗಿಕೊಂಡ ಅಪರೂಪದ ಗಿಡಗಳನ್ನು ತುಳಿಯುತ್ತದೆ. 2019ರ ಮೇ ತಿಂಗಳಲ್ಲಿ ಆ ದೇಶದ ಆಡಳಿತ ವ್ಯವಹಾರಗಳ ಉಚ್ಚ ನ್ಯಾಯಪೀಠ, ಸರ್ಕಾರ ಅಲ್ಲಿಯವರೆಗೆ ಪರವಾನಗಿ ಕೊಡುತ್ತಿದ್ದ ಪದ್ಧತಿಯೇ ಸರಿಯಿಲ್ಲವೆಂದು ತೀರ್ಪಿತ್ತಿತು. ಅಕ್ಟೋಬರಿನಲ್ಲಿ ಸಾವಿರಾರು ರೈತರು ಟ್ರ್ಯಾಕ್ಟರು ಏರಿ ಹೇಗ್ ನಗರಕ್ಕೆ ಬಂದರು. 2022ರಲ್ಲಿ ಹಳ್ಳಿಯ ರಸ್ತೆಗಳ ಉದ್ದಕ್ಕೂ ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ಕಟ್ಟಿ ಸಿಟ್ಟು ತೋರಿಸಿದರು. 2023ರಲ್ಲಿ ರೈತರ ಹೆಸರಿನ ಪಕ್ಷವೊಂದು ಪ್ರಾಂತೀಯ ಚುನಾವಣೆಯಲ್ಲಿ ಎಲ್ಲರಿಗಿಂತ ಮುಂದೆ ಬಂತು. ಕಸುಬು ಬಿಡುವವರಿಗೆ ಹಣ ಕೊಡುವ ಸರ್ಕಾರದ ಯೋಜನೆಯೂ ಅದೇ ವರ್ಷ ಬಂತು.

ಲೋಕದಲ್ಲೇ ಅತಿ ಹೆಚ್ಚು ಅಳತೆಗೆ ಒಳಗಾದ ಹಸುಗಳಲ್ಲಿ ಇಲ್ಲಿನವೂ ಸೇರಿವೆ. ಹಸುವಿನ ಹೆಜ್ಜೆ, ಮೆಲುಕು, ಹಾಲಿನ ಉಪ್ಪು ಎಲ್ಲವೂ ಕಂಪ್ಯೂಟರಿನಲ್ಲಿತ್ತು. ಆದರೆ ಪಟ್ಟಿ ಅಳೆದದ್ದು ಹಸುವನ್ನು. ಹಸುವನ್ನು ದಾಟಿ ನೆಲಕ್ಕೂ ನೀರಿಗೂ ಗಾಳಿಗೂ ಹೋದದ್ದನ್ನು ಪಟ್ಟಿ ಅಳೆಯಲಿಲ್ಲ. ಕೊನೆಗೆ ಲೆಕ್ಕ ಕೇಳಲು ಬಂದದ್ದು ಅಲ್ಲಿಂದಲೇ. ಇದು ಯಂತ್ರದ ತಪ್ಪೆಂದು ಹೇಳಲಾಗದು. ಅದಕ್ಕೆ ಯಾವ ಪ್ರಶ್ನೆ ಕೇಳಿದ್ದರೋ ಅದಕ್ಕೆ ಉತ್ತರ ಕೊಟ್ಟಿತು. 'ಹಾಲು ಎಷ್ಟು?' ಎಂದು ಕೇಳಿದ್ದರು. 'ನೆಲ ಎಷ್ಟು ತಡೆದೀತು?' ಎಂದು ಕೇಳಿರಲಿಲ್ಲ.

ಈಗ ಆ ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಲೀವಾರ್ಡನ್ ಬಳಿ ವಾಗೆನಿಂಗನ್ ವಿಶ್ವವಿದ್ಯಾನಿಲಯದ ಡೇರಿ ಕ್ಯಾಂಪಸ್ ಎಂಬ ಸಂಶೋಧನಾ ಕೇಂದ್ರವಿದೆ. ಹಸುಗಳಿಂದಲೂ ಕೊಟ್ಟಿಗೆಯಿಂದಲೂ ಹೊರಡುವ ಅನಿಲಗಳ ಅಧ್ಯಯನ ಅಲ್ಲಿನ ಕೆಲಸಗಳಲ್ಲೊಂದು. ಸಗಣಿ-ಗಂಜಲ ಬೆರೆಯದಂತೆ ಬೇರ್ಪಡಿಸುವ ನೆಲ, ಕೊಟ್ಟಿಗೆಯ ಗಾಳಿಯಲ್ಲಿ ಅಮೋನಿಯಾವನ್ನು ಅಳೆಯುವ ಸಾಧನ ಇವೆಲ್ಲ ಆ ದೇಶದಲ್ಲಿ ಪರೀಕ್ಷೆಗೆ ಒಳಗಾಗಿವೆ. ಹುಲ್ಲುಗಾವಲಿನಲ್ಲಿ ಮೊಟ್ಟೆಯಿಡುವ, ಅಲ್ಲಿನವರು 'ಗ್ರುಟ್ಟೊ' ಎಂದು ಕರೆಯುವ ಉದ್ದ ಕೊಕ್ಕಿನ ಹಕ್ಕಿಯ ಗೂಡುಗಳು ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಹಾಳಾಗುತ್ತಿದ್ದವು. ಶಾಖವನ್ನು ಗುರುತಿಸುವ ಕ್ಯಾಮೆರಾ ಹೊತ್ತ ಡ್ರೋನುಗಳಿಂದ ಈಗ ಗೂಡುಗಳನ್ನು ಮೊದಲೇ ಪತ್ತೆಹಚ್ಚಿ, ಆ ಜಾಗವನ್ನು ಬಿಟ್ಟು ಕೊಯ್ಯುವ ರೈತರಿದ್ದಾರೆ. ಕೇಳುವ ಪ್ರಶ್ನೆ ಬದಲಾದರೆ ಅದೇ ಬಗೆಯ ಯಂತ್ರ ಬೇರೆ ಕೆಲಸಕ್ಕೆ ಬರುತ್ತದೆ.

ಉಣ್ಣೆ ಹಿಕ್ಕುವವನ ಅಟ್ಟ

ಲೀವಾರ್ಡನ್ನಿನ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಫ್ರಾನೆಕರ್ ಎಂಬ ಸಣ್ಣ ಊರಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಐಸೆ ಐಸಿಂಗ ಎಂಬಾತ ಇದ್ದ. ಕಸುಬು ಕುರಿಯ ಉಣ್ಣೆಯನ್ನು ಹಿಕ್ಕಿ ಹದಮಾಡುವುದು. 1774ರಲ್ಲಿ ಗ್ರಹಗಳು ಒಟ್ಟುಗೂಡುತ್ತವೆ, ಭೂಮಿ ದಾರಿ ತಪ್ಪಿ ಸೂರ್ಯನಿಗೆ ಬೀಳುತ್ತದೆ ಎಂಬ ಪುಕಾರು ಎದ್ದು ಜನ ಹೆದರಿದರು. ಗ್ರಹಗಳು ಹೇಗೆ ಸುತ್ತುತ್ತವೆಂದು ಜನರಿಗೆ ತೋರಿಸಲು ಐಸಿಂಗ ತನ್ನ ಮನೆಯ ನಡುಕೋಣೆಯ ಚಾವಣಿಯಲ್ಲೇ ಸೌರಮಂಡಲವನ್ನು ಕಟ್ಟತೊಡಗಿದ. 1781ರಲ್ಲಿ ಅದು ಮುಗಿಯಿತು. ಅಂದಿನಿಂದ ಇಂದಿನವರೆಗೂ ನಡೆಯುತ್ತಿರುವ ಈ ತಾರಾಮಂಡಲವನ್ನು ಯುನೆಸ್ಕೊ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಚಾವಣಿಯಲ್ಲಿ ಶನಿ ಒಂದು ಸುತ್ತು ಬರಲು ಆಕಾಶದಲ್ಲಿರುವಂತೆಯೇ 29 ವರ್ಷಕ್ಕೂ ಮೇಲೆ ಹಿಡಿಯುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋದವರು ಕೆಳಗೆ ಚಾವಣಿ ನೋಡಿದರೆ ಸಾಲದು, ಅಟ್ಟವನ್ನೂ ಹತ್ತಬೇಕು. ಮರದ ಚಕ್ರಗಳು, ಹಲ್ಲಿನ ಬದಲು ಸಾಲಾಗಿ ಹೊಡೆದ ಕಬ್ಬಿಣದ ಮೊಳೆಗಳು, ಎಲ್ಲವನ್ನೂ ನಡೆಸುವ ಒಂದೇ ಲೋಲಕದ ಗಡಿಯಾರ. ಮೊಳೆಗಳು ಸುಮಾರು ಹತ್ತು ಸಾವಿರ. ಮುಚ್ಚಿಟ್ಟದ್ದು ಏನೂ ಇಲ್ಲ. ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆಂದು ಹತ್ತನೆಯ ತರಗತಿಯ ಹುಡುಗಿಯೂ ಬೆರಳಿಟ್ಟು ತೋರಿಸಬಹುದು. ಅದನ್ನು ನೋಡಿಕೊಳ್ಳುವ ಬಗೆಯನ್ನು ಐಸಿಂಗ ಬರೆದಿಟ್ಟು ಹೋದ. ಹೀಗಾಗಿಯೇ ಇನ್ನೂರ ನಲವತ್ತು ವರ್ಷದ ಮೇಲೂ ಅದು ನಡೆಯುತ್ತಿದೆ.

ಕೊಟ್ಟಿಗೆಯ ರೋಬಾಟನ್ನು ರೈತ ಹೀಗೆ ಬಿಚ್ಚಿ ನೋಡುವಂತಿಲ್ಲ. ಕೆಟ್ಟರೆ ಕಂಪನಿಯವರೇ ಬರಬೇಕು. ಕಂಪ್ಯೂಟರಿನ ಲೆಕ್ಕ ಕಂಪನಿಯ ದಾಸ್ತಾನಿಗೆ ಹೋಗುತ್ತದೆ. ತನ್ನ ಹಸುವಿನ ವಿಷಯ ತನಗಿಂತ ಮೊದಲು ಇನ್ನೊಬ್ಬನಿಗೆ ತಿಳಿಯುವುದು ಸರಿಯೇ? ಆ ಮಾಹಿತಿ ಹಿಂಡಿ ಮಾರುವವನಿಗೆ, ಸಾಲ ಕೊಡುವ ಬ್ಯಾಂಕಿಗೆ ಹೋದರೆ? ಈ ಪ್ರಶ್ನೆಯನ್ನು ಯುರೋಪಿನ ರೈತರು ಕೇಳಿದರು. 2018ರಲ್ಲಿ ರೈತ ಸಂಘಟನೆಗಳೂ ಯಂತ್ರ ತಯಾರಕರೂ ಸೇರಿ, ಹೊಲ ಮತ್ತು ಕೊಟ್ಟಿಗೆಯಲ್ಲಿ ಹುಟ್ಟಿದ ಮಾಹಿತಿಯ ಮೇಲಿನ ಹಕ್ಕು ಮೊದಲು ರೈತನದು ಎಂಬ ನಡವಳಿಕೆಯ ಸೂತ್ರವನ್ನು ಒಪ್ಪಿಕೊಂಡರು. ಯಂತ್ರದಲ್ಲಿ ಹುಟ್ಟುವ ಮಾಹಿತಿ ಅದನ್ನು ಬಳಸುವವನಿಗೆ ಸಿಗಲೇಬೇಕೆಂಬ ಯುರೋಪಿನ ಕಾನೂನು 2025ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ಕಂಪನಿಯವರು ತಾವಾಗಿ ಕರೆದು ಕೊಟ್ಟದ್ದಲ್ಲ, ರೈತರು ಕೇಳಿದ ಮೇಲೆ ಸಿಕ್ಕದ್ದು.

ಹಳ್ಳಿಯ ಡೇರಿಯಲ್ಲಿರುವ ಕಂಪ್ಯೂಟರು

ಈ ಊರಿನಿಂದ ಕರ್ನಾಟಕದವರು ಕಲಿಯುವುದೇನು? ಯಂತ್ರ ಬೇಡ ಎಂಬ ಪಾಠ ಇಲ್ಲಿ ಸಿಗುವುದಿಲ್ಲ. ಬೇಕು ಎಂಬ ಪಾಠವೂ ಸಿಗುವುದಿಲ್ಲ. ಯಾರ ಖರ್ಚು, ಯಾರ ಲಾಭ, ಯಾರ ಕೈಯಲ್ಲಿ ಬೀಗ ಎಂದು ಕೇಳುವ ಅಭ್ಯಾಸ ಸಿಗುತ್ತದೆ.

ಹಾಗೆ ನೋಡಿದರೆ ಡಿಜಿಟಲ್ ತಂತ್ರಜ್ಞಾನ ಕರ್ನಾಟಕದ ಹಳ್ಳಿಗೆ ಬಂದು ಬಹಳ ಕಾಲವಾಗಿದೆ. ಅದು ಕೂತಿರುವುದು ಕೊಟ್ಟಿಗೆಯಲ್ಲಲ್ಲ, ಹಾಲು ಉತ್ಪಾದಕರ ಸಹಕಾರ ಸಂಘದ ಮೇಜಿನ ಮೇಲೆ. ಹಿಂದೆ ಹಾಲಿನ ಕೊಬ್ಬನ್ನು ತಿಳಿಯಲು ಗರ್ಬರ್ ವಿಧಾನವಿತ್ತು. ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಹಾಕಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ತೇಲಿದ ಕೊಬ್ಬನ್ನು ಓದಬೇಕಿತ್ತು. ಎಲ್ಲರ ಹಾಲಿಗೂ ದಿನಕ್ಕೆರಡು ಸಲ ಹೀಗೆ ಮಾಡುವುದು ಆಗದ ಮಾತು. ಈಗಿನ ಹಾಲು ಪರೀಕ್ಷೆಯ ಯಂತ್ರಗಳಲ್ಲಿ ಹಲವು ಶ್ರವಣಾತೀತ ಶಬ್ದವನ್ನು ಹಾಲಿನ ಮೂಲಕ ಹಾಯಿಸಿ ಒಂದು ನಿಮಿಷದ ಆಸುಪಾಸಿನಲ್ಲಿ ಕೊಬ್ಬು ಎಷ್ಟು, ಉಳಿದ ಘನಾಂಶ ಎಷ್ಟು ಎಂದು ಹೇಳುತ್ತವೆ. ಚೀಟಿ ಹೊರಗೆ ಬರುತ್ತದೆ. ನೀರು ಬೆರೆಸದ ಬಡವಿಗೆ ನೀರು ಬೆರೆಸಿದ ದೊಡ್ಡವರಷ್ಟೇ ದುಡ್ಡು ಸಿಗುವ ಅನ್ಯಾಯ ತಪ್ಪುತ್ತದೆ. ಇಲ್ಲಿ ಒಂದು ಯಂತ್ರದ ಖರ್ಚನ್ನು ಊರಿನ ಮನೆಗಳೆಲ್ಲ ಹಂಚಿಕೊಂಡಿವೆ. ಎರಡು ಹಸುವಿನವಳಿಗೂ ಅದರ ಲಾಭ ಸಿಗುತ್ತದೆ. ಫ್ರೀಸ್‌ಲ್ಯಾಂಡಿನ ರೈತರೂ ಒಂದು ಕಾಲಕ್ಕೆ ಇದೇ ದಾರಿಯಲ್ಲಿ ನಡೆದವರು. 1886ರಲ್ಲಿ ವಾರ್ಗಾ ಎಂಬ ಹಳ್ಳಿಯಲ್ಲಿ ಅವರು ಸಹಕಾರಿ ಹಾಲಿನ ಕಾರ್ಖಾನೆಯನ್ನು ಕಟ್ಟಿದ್ದರು.

ಈ ಯಂತ್ರಕ್ಕೂ ಕಣ್ಣಿಡಬೇಕು. ಅದನ್ನು ಆಗಾಗ್ಗೆ ತೊಳೆದು, ಗೊತ್ತಿರುವ ಹಾಲಿನೊಡನೆ ಹೋಲಿಸಿ ಸರಿಹೊಂದಿಸದಿದ್ದರೆ ತಪ್ಪು ಅಂಕಿಯನ್ನೇ ದಿನವೂ, ಎಲ್ಲರಿಗೂ, ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಮುದ್ರಿಸಿದ್ದೆಲ್ಲ ನಿಜವಲ್ಲ ಎಂಬುದನ್ನು ಓದಿದ ಮಕ್ಕಳು ಮನೆಯ ಹಿರಿಯರಿಗೆ ಹೇಳಬೇಕು. ಸಂಘದ ಸಭೆಯಲ್ಲಿ ಯಂತ್ರವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದಿರಿ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹಸುವಿನ ಕಿವಿಗೆ ಹಾಕುವ 12 ಅಂಕಿಯ ಹಳದಿ ಟ್ಯಾಗಿನ ವಿಷಯವೂ ಹೀಗೆಯೇ. ಹುಚ್ಚು ದನದ ರೋಗದ ಹೊಡೆತದ ನಂತರ ಯುರೋಪಿನಲ್ಲಿ ಪ್ರತಿ ದನದ ಎರಡೂ ಕಿವಿಗೆ ಟ್ಯಾಗು, ಕಂಪ್ಯೂಟರಿನಲ್ಲಿ ಅದರ ಜಾತಕ ಕಡ್ಡಾಯವಾಯಿತು. ಭಾರತದಲ್ಲಿ ಅದೇ ಬಗೆಯ ಟ್ಯಾಗು ಕಾಲುಬಾಯಿ ರೋಗದ ಲಸಿಕೆಯ ಲೆಕ್ಕಕ್ಕೆ, ವಿಮೆಗೆ ಆಧಾರವಾಗಿದೆ. ಟ್ಯಾಗು ಬಿದ್ದುಹೋದ ಹಸು ಸತ್ತರೆ ವಿಮೆಯ ಹಣಕ್ಕೆ ತೊಡಕು. ಆದುದರಿಂದ ಆ ಸಂಖ್ಯೆಯನ್ನು ಮನೆಯ ಗೋಡೆಯ ಮೇಲಾದರೂ ಬರೆದಿಡುವುದು, ಟ್ಯಾಗು ಬಿದ್ದರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸುವುದು ಜಾಣತನ.

ಕೊರಳಪಟ್ಟಿಯ ಮಾರಾಟದವನು ಮನೆ ಬಾಗಿಲಿಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಇಷ್ಟೇ. ಒಂದು ಲೀಟರ್ ಹಾಲಿಗೆ ಇದರ ಖರ್ಚು ಎಷ್ಟು ಬೀಳುತ್ತದೆ? ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? ಇದು ಸಂಗ್ರಹಿಸುವ ಲೆಕ್ಕ ಯಾರ ಬಳಿ ಇರುತ್ತದೆ? ಎರಡನೆಯ ವರ್ಷದಿಂದ ತಿಂಗಳ ಬಾಡಿಗೆ ಇದೆಯೇ? ಇದನ್ನು ನಾಲ್ಕು ಮನೆಯವರು ಸೇರಿ ಕೊಳ್ಳಬಹುದೇ? ಉತ್ತರ ಸರಿಯಾಗಿ ಬಂದರೆ ಕೊಳ್ಳಲು ಅಡ್ಡಿಯಿಲ್ಲ. ಐವತ್ತು ಹಸು ಕಟ್ಟಿದವನ ಉತ್ತರ ಬೇರೆ, ಎರಡು ಹಸುವಿನವಳ ಉತ್ತರ ಬೇರೆ ಆಗಿರುತ್ತದೆ. ಇಬ್ಬರೂ ಸರಿಯಾಗಿಯೇ ಇರಬಹುದು.

ಅಲ್ಲಿಯವರೆಗೆ ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ನಲವತ್ತು ಪುಟದ ನೋಟುಪುಸ್ತಕದಲ್ಲಿ ಐದು ಕಾಲಮ್ಮು ಎಳೆದು ತಾರೀಖು, ಹಾಲು, ಚೀಟಿಯಲ್ಲಿ ಬಂದ ಫ್ಯಾಟು, ಹಾಕಿದ ಮೇವು-ಹಿಂಡಿ, ಬೆದೆಗೆ ಬಂದ ದಿನ ಇವನ್ನು ಬರೆಯುತ್ತ ಹೋಗಬೇಕು. ಬೆದೆಯ ದಿನದಿಂದ 21 ಎಣಿಸಿ ಮುಂದಿನ ತಾರೀಖಿಗೆ ಗುರುತು ಹಾಕಬೇಕು. ಆ ರಾತ್ರಿ ಒಂದು ಸಲ ಎದ್ದು ಟಾರ್ಚು ಹಿಡಿದು ಕೊಟ್ಟಿಗೆಗೆ ಹೋಗಿ ಬರಬೇಕು. ಮೂರು ತಿಂಗಳು ಬರೆದರೆ ಆ ಹಸುವಿನ ಗುಣ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಯಂತ್ರ ಬಂದರೂ ಅದು ಹೇಳುವುದು ನಿಜವೋ ಸುಳ್ಳೋ ಎಂದು ಆ ಪುಸ್ತಕ ನೋಡಿ ಹೇಳಬಹುದು.